ತುದಿ ಮುಟ್ಟಿದವನೇ ಧೀರನೆ?

ಹಿಮಾಲಯದ ಶಿಖರ ಮುಟ್ಟಿ ಬಂದ ತರುಣನಿಗೆ ಹಾರ, ಶಾಲು, ಮೆರವಣಿಗೆ. ತುದಿಗೆ ನೂರು ಮೀಟರು ಉಳಿದಿರುವಾಗ ಹಿಂದಿರುಗಿದವನಿಗೆ ಬರಿಯ ಮೌನ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ತರುಣರಿಗೆ ಸಮಾಜವು ಕಲಿಸುವ ಪಾಠ ಇದೇ ಆದರೆ, ಅದು ಪ್ರಾಣಘಾತಕವಾದ ಪಾಠ.

'ಟ್ರೆಕಿಂಗ್ ಶಿಖರ' ಎಂಬ ಹೆಸರೇ ಮೊದಲ ಭ್ರಮೆ. ಅದು ನೇಪಾಳದ ಪರವಾನಗಿಯ ಒಂದು ವರ್ಗವೇ ಹೊರತು ಸುಲಭವೆಂಬ ಪ್ರಮಾಣಪತ್ರವಲ್ಲ. ಆ ವರ್ಗದ ಮೇರಾ ಶಿಖರದ ಎತ್ತರ ಸುಮಾರು 6,470 ಮೀಟರು. ದಾರಿಯಲ್ಲಿ ಹಿಮನದಿಯ ಬಿರುಕುಗಳಿವೆ. ಗೋಕಾಕ ಜಲಪಾತದ 170 ಅಡಿಗಳನ್ನು ಕಂಡು ಬೆಳೆದ ಕಣ್ಣಿಗೆ ಆ ಅಳತೆ ನಿಲುಕದು. 5,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಾಗುತ್ತದೆ. ಆದುದರಿಂದಲೇ 3,000 ಮೀಟರು ದಾಟಿದ ಮೇಲೆ ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂದು ವೈದ್ಯರು ವಿಧಿಸುತ್ತಾರೆ. ರಜೆಯ ದಿನಗಳನ್ನೆಣಿಸಿ ಹೊರಟವನು ಮೊದಲು ಮುರಿಯುವುದು ಈ ನಿಯಮವನ್ನೇ. ಇನ್ನು ಹವೆಯಂತೂ ಯಾರ ಅನುಭವವನ್ನೂ ಲೆಕ್ಕಿಸದು. 2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದಿಂದ ಹೋದ ತಂಡದ 9 ಮಂದಿ ಹಿಮಗಾಳಿಗೆ ಸಿಕ್ಕು ಮಡಿದರು. ಅದು ಶಿಖರಾರೋಹಣವೂ ಅಲ್ಲ, ಕೇವಲ ಚಾರಣ.

ಹಿಂದಿರುಗಿದವನು ಹೇಡಿಯೆಂದು ವಾದಿಸುವವರುಂಟು. 1996ರ ಮೇ 10ರಂದು ಎವರೆಸ್ಟಿನಲ್ಲಿ ಮಧ್ಯಾಹ್ನ ಎರಡರ ಗಡುವು ಮೀರಿದ ಮೇಲೂ ಹಲವರು ಏರುತ್ತಲೇ ಇದ್ದರು. ಆ ಬಿರುಗಾಳಿ ಒಟ್ಟು ಎಂಟು ಮಂದಿಯನ್ನು ಬಲಿತೆಗೆದುಕೊಂಡಿತು; ಅವರಲ್ಲಿ ಅನುಭವಿ ಮಾರ್ಗದರ್ಶಕರೂ ಇದ್ದರು. ಅಲ್ಲಿ ಕೊರತೆಯಾದುದು ಧೈರ್ಯವಲ್ಲ, ಗಡುವಿನ ಪಾಲನೆ.

ಶ್ರಾವಕನ ದಿಗ್ವ್ರತವು ಎಚ್ಚರಿಸುವುದೂ ಇದನ್ನೇ. ಸಂಚಾರದ ಎಲ್ಲೆಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಆ ವ್ರತ. ಊರ್ಧ್ವದಿಕ್ಕಿನ ಎಲ್ಲೆಯನ್ನು ಮೀರುವುದು ಅದರ ಮೊದಲನೆಯ ಅತಿಚಾರ. ಪೂಜ್ಯಪಾದಾಚಾರ್ಯರು ಅದಕ್ಕೆ ಕೊಟ್ಟ ನಿದರ್ಶನ ಪರ್ವತಾರೋಹಣ. ಎಲ್ಲೆಯನ್ನೇ ಮರೆಯುವುದು ಐದನೆಯ ಅತಿಚಾರ. ಏರುವುದು ದೋಷವಲ್ಲ, ಗೊತ್ತುಮಾಡಿದ ಎಲ್ಲೆಯನ್ನು ಆಸೆಗೆ ಸಿಕ್ಕು ಹಿಗ್ಗಿಸುವುದು ದೋಷ. ಅದರ ಫಲವನ್ನು ಅವನೊಬ್ಬನೇ ಉಣ್ಣುವುದಿಲ್ಲ. ಅವನನ್ನು ಹುಡುಕಲು ಹಿಮದೊಳಗೆ ಹೋಗುವವನ ಮನೆಯಲ್ಲಿಯೂ ದಾರಿ ಕಾಯುವ ಮಕ್ಕಳಿರುತ್ತಾರೆ. ಪರರ ಪ್ರಾಣವನ್ನು ಪಣಕ್ಕಿಟ್ಟು ಗಳಿಸಿದ ಕೀರ್ತಿಗೆ ಅಹಿಂಸೆಯ ನೆಲದಲ್ಲಿ ಬೆಲೆಯಿಲ್ಲ.

ಬೀಳ್ಕೊಡುವ ತಂದೆತಾಯಿಗಳು ಇನ್ನು ಮುಂದೆ 'ತುದಿ ಮುಟ್ಟಿ ಬಾ' ಎನ್ನದಿರಲಿ. 'ಎಷ್ಟು ಗಂಟೆಗೆ ತಿರುಗುವೆ?' ಎಂದು ಕೇಳಲಿ. ಹೇಳಿದ ಗಂಟೆಗೆ ತಿರುಗಿ ಬಂದವನಿಗೆ, ತುದಿ ಮುಟ್ಟಿರಲಿ ಬಿಡಲಿ, ಊರಿನ ಮೊದಲ ಶಾಲು ಸಲ್ಲಲಿ.