ವ್ಯಸನಿಯ ಮದ್ದೂ ದೂರದ ವೈದ್ಯನೂ

ಮಧುಮೇಹದ ರೋಗಿಯು ದಿನವೂ ಇನ್ಸುಲಿನ್ ಚುಚ್ಚಿಸಿಕೊಂಡರೆ ಅವನನ್ನು ಇನ್ಸುಲಿನ್ನಿನ ದಾಸನೆಂದು ಯಾರೂ ಹಳಿಯುವುದಿಲ್ಲ. ಆದರೆ ಅಫೀಮು ವರ್ಗದ ಮದ್ದುಗಳ ವ್ಯಸನಕ್ಕೆ ಸಿಕ್ಕಿದವನು, ಅದರಿಂದ ಪಾರಾಗಲೆಂದು ವೈದ್ಯರು ಕೊಟ್ಟ ಗುಳಿಗೆಯನ್ನು ದಿನವೂ ಸೇವಿಸಿದರೆ, ‘ಒಂದು ಚಟವನ್ನು ಬಿಟ್ಟು ಇನ್ನೊಂದನ್ನು ಹಿಡಿದ’ ಎಂದು ನಗುವವರು ನಮ್ಮಲ್ಲಿ ಅನೇಕರುಂಟು. ಈ ನಗೆ ಅಜ್ಞಾನದಿಂದ ಹುಟ್ಟಿದ್ದು. ಆದರೆ ಅದರ ಬೆಲೆಯನ್ನು ತೆರುವವನು ರೋಗಿ.

ಅಫೀಮು, ಮಾರ್ಫೀನ್, ಹೆರಾಯಿನ್, ನೋವಿನ ಶಮನಕ್ಕೆಂದು ಕೊಡುವ ಟ್ರಮಡಾಲ್, ಇವೆಲ್ಲ ಒಂದೇ ಬಳಗದವು. ನಮ್ಮ ಮಿದುಳಿನ ಜೀವಕೋಶಗಳ ಮೇಲೆ ಇವುಗಳಿಗೆ ಒಪ್ಪುವ ಗ್ರಾಹಕಗಳಿವೆ. ಬೀಗದೊಳಕ್ಕೆ ಕೀಲಿಕೈ ಹೊಗುವಂತೆ ಈ ಮದ್ದುಗಳು ಅಲ್ಲಿ ಸೇರಿಕೊಂಡು ನೋವನ್ನು ತಗ್ಗಿಸುತ್ತವೆ, ಹಿತವನ್ನುಂಟುಮಾಡುತ್ತವೆ. ಬಹುದಿನ ಹೀಗೆಯೇ ನಡೆದರೆ ಮಿದುಳು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಆಮೇಲೆ ಮದ್ದು ತಪ್ಪಿತೆಂದರೆ ಬೆವರು, ಹೊಟ್ಟೆನುಲಿತ, ವಾಂತಿ, ನಿದ್ರಾನಾಶಗಳು ತಲೆದೋರುತ್ತವೆ; ಮದ್ದಿನ ಹಂಬಲವು ಮನಸ್ಸನ್ನೆಲ್ಲ ಆವರಿಸುತ್ತದೆ. ಇದು ಕೇವಲ ಮನಸ್ಸಿನ ದೌರ್ಬಲ್ಯವಲ್ಲ, ಶರೀರದ ವ್ಯಾಪಾರ.

ಬ್ಯುಪ್ರೆನಾರ್ಫೀನ್ ಎಂಬ ಔಷಧದ ಗುಣ ಇಲ್ಲಿ ವಿಚಾರಾರ್ಹವಾದುದು. ಅದು ಗ್ರಾಹಕವನ್ನು ಹೆರಾಯಿನ್ನಿಗಿಂತ ಬಿಗಿಯಾಗಿ ಹಿಡಿಯುತ್ತದೆ, ಆದರೆ ಬೀಗವನ್ನು ಅರ್ಧ ಮಾತ್ರ ತೆರೆಯುತ್ತದೆ. ಒಂದು ಮಿತಿಯನ್ನು ದಾಟಿದ ಮೇಲೆ ಪ್ರಮಾಣವನ್ನು ಹೆಚ್ಚಿಸಿದರೂ ಅದರ ಪರಿಣಾಮ ಅಷ್ಟಾಗಿ ಏರುವುದಿಲ್ಲ. ನಾಲಗೆಯಡಿಯಲ್ಲಿಟ್ಟ ಗುಳಿಗೆಯ ಪ್ರಭಾವ ಒಂದು ದಿನಕ್ಕೂ ಮೇಲ್ಪಟ್ಟು ಉಳಿಯುತ್ತದೆ. ಹಂಬಲವೂ ಬಾಧೆಯೂ ಅಡಗಿ ರೋಗಿಯು ಕೆಲಸಕ್ಕೆ ಹೋಗಬಲ್ಲನು, ಸಂಸಾರವನ್ನು ನೋಡಿಕೊಳ್ಳಬಲ್ಲನು. ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಈ ಔಷಧವನ್ನೂ ಮೆಥಡೋನನ್ನೂ ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಈ ಚಿಕಿತ್ಸೆಯಲ್ಲಿ ನೆಲೆನಿಂತವರಲ್ಲಿ ಮರಣದ ಪ್ರಮಾಣ ಅರ್ಧದಷ್ಟು ಇಳಿಯುವುದೆಂದು ಅನೇಕ ದೇಶಗಳ ಅನುಭವ ತೋರಿಸಿದೆ. ಆದರೆ ಚಿಕಿತ್ಸೆಯು ನಡುವೆ ಕಡಿದುಹೋದರೆ ಅಪಾಯವು ಮೊದಲಿಗಿಂತ ಹೆಚ್ಚು. ಏಕೆಂದರೆ ಶರೀರವು ಹಳೆಯ ಪ್ರಮಾಣವನ್ನು ತಾಳುವ ಶಕ್ತಿಯನ್ನು ಅಷ್ಟರಲ್ಲಿ ಕಳೆದುಕೊಂಡಿರುತ್ತದೆ. ಆದ್ದರಿಂದ ಇಲ್ಲಿ ಮದ್ದಿನಷ್ಟೇ ಮುಖ್ಯವಾದುದು ಅದರ ಎಡೆಬಿಡದ ಪೂರೈಕೆ.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಈ ವರ್ಗದ ಮದ್ದುಗಳನ್ನು ಬಳಸುವವರು ಸುಮಾರು 2.26 ಕೋಟಿ, ಅವರಲ್ಲಿ ಚಿಕಿತ್ಸೆಯ ನೆರವು ಬೇಕಾದವರು ಸುಮಾರು 77 ಲಕ್ಷ. ಇಂತಹ ರೋಗಿಯೊಬ್ಬನು ಭಟ್ಕಳದಲ್ಲೋ ಹೊನ್ನಾವರದಲ್ಲೋ ಕುಮಟಾದಲ್ಲೋ ಇದ್ದಾನೆಂದು ಭಾವಿಸೋಣ. ವ್ಯಸನ ಚಿಕಿತ್ಸೆಗೆ ಹೆಸರಾದ ಬೆಂಗಳೂರಿನ ನಿಮ್ಹಾನ್ಸ್ ಅವನಿಗೆ ಘಟ್ಟದ ಆಚೆ 400 ಕಿಲೋಮೀಟರಿಗೂ ದೂರ. ಜಿಲ್ಲಾಕೇಂದ್ರವಾದ ಕಾರವಾರವೂ ಭಟ್ಕಳದವನಿಗೆ ಸಮೀಪವಲ್ಲ. ಶರಾವತಿ, ಅಘನಾಶಿನಿ, ಗಂಗಾವಳಿಗಳನ್ನು ದಾಟಿ ಹೋಗಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಆ ಹೆದ್ದಾರಿಯೇ ಹಲವು ದಿನ ಮುಚ್ಚಿಹೋಗಿತ್ತು. ದಿನದ ಮದ್ದಿಗೆ ಆ ದಾರಿಯನ್ನೇ ನಂಬಿದವನ ಗತಿಯೇನೆಂದು ವಾಚಕರೇ ಊಹಿಸಬಹುದು.

ಹಾಗಾದರೆ ವೈದ್ಯನನ್ನೇ ದೂರವಾಣಿಯ ಮೂಲಕ ಕರೆತರಬಾರದೇಕೆ? ದೂರವೈದ್ಯಕ್ಕೆ ನಮ್ಮ ದೇಶದಲ್ಲಿ 2020ರ ಮಾರ್ಚ್ 25ರಂದು ನಿಯಮಾವಳಿ ಹೊರಟಿತು. ಆದರೆ 1985ರ ಮಾದಕವಸ್ತು ಕಾಯಿದೆಗೆ ಸೇರಿದ ಔಷಧಗಳನ್ನು ಈ ವಿಧಾನದಿಂದ ಬರೆದುಕೊಡಬಾರದೆಂದು ಅದು ವಿಧಿಸಿದೆ. ಬ್ಯುಪ್ರೆನಾರ್ಫೀನ್ ಆ ಕಾಯಿದೆಗೆ ಸೇರಿದ್ದು. ಅಮೆರಿಕೆಯು ಅದೇ ತಿಂಗಳು ಇದಕ್ಕೆ ವಿರುದ್ಧವಾದ ಹೆಜ್ಜೆಯನ್ನಿಟ್ಟು, ರೋಗಿಯನ್ನು ಮುಖತಃ ಕಾಣದೆಯೇ, ದೂರವಾಣಿಯ ಮಾತಿನ ಮೇಲೆಯೇ ಈ ಔಷಧವನ್ನು ಆರಂಭಿಸಲು ಅನುಮತಿಸಿತು.

ನಾವೂ ಹಾಗೆಯೇ ಮಾಡಬೇಕೆಂದು ನಾವು ಹೇಳುವುದಿಲ್ಲ. ಈ ಗುಳಿಗೆಯನ್ನು ಕರಗಿಸಿ ಚುಚ್ಚಿಕೊಳ್ಳುವವರೂ ಮಾರಿಕೊಳ್ಳುವವರೂ ಇದ್ದಾರೆ. ನಿಯಮದ ಭಯ ನಿರಾಧಾರವಲ್ಲ. ಆದರೆ ನಿಯಮವನ್ನು ಮುರಿಯದೆಯೇ ನಡೆಯತಕ್ಕ ಇನ್ನೊಂದು ದಾರಿಯಿದೆ. ಒಬ್ಬ ವೈದ್ಯನು ಇನ್ನೊಬ್ಬ ವೈದ್ಯನ ಸಲಹೆಯನ್ನು ದೂರದಿಂದ ಪಡೆಯುವುದಕ್ಕೆ ಅದೇ ನಿಯಮಾವಳಿಯಲ್ಲಿ ಅವಕಾಶವಿದೆ; ಚಿಕಿತ್ಸೆಯ ಹೊಣೆ ಮಾತ್ರ ರೋಗಿಯ ಬಳಿಯಲ್ಲಿರುವವನದೇ. ಭಟ್ಕಳ, ಹೊನ್ನಾವರ, ಕುಮಟಾ ಮೂರರಲ್ಲಿಯೂ ತಾಲೂಕು ಆಸ್ಪತ್ರೆಗಳಿವೆ. ಅಲ್ಲಿಯ ವೈದ್ಯರು ರೋಗಿಯನ್ನು ಕಣ್ಣಾರೆ ಪರೀಕ್ಷಿಸಲಿ. ತಜ್ಞರು ಪರದೆಯ ಮೇಲೆ ಕಾಣಿಸಿಕೊಂಡು ಪ್ರಮಾಣವನ್ನು ಸೂಚಿಸಲಿ. ಗುಳಿಗೆಯನ್ನು ದಾದಿಯ ಕಣ್ಣೆದುರಿನಲ್ಲೇ ಕೊಟ್ಟು ಲೆಕ್ಕವಿಡಲಿ. ರೋಗಿ ಸ್ಥಿರನಾದ ಮೇಲೆ ಕೆಲವು ದಿನಗಳ ಮದ್ದನ್ನು ಮನೆಗೆ ಕೊಡಬಹುದು. ವೈದ್ಯನು ನಾಡಿ ಹಿಡಿದು ನೋಡಬೇಕೆಂಬ ಹಳೆಯ ಮಾತಿಗೆ ಇದರಿಂದ ಭಂಗವಿಲ್ಲ. ನಾಡಿ ಹಿಡಿಯುವ ಕೈ ಅಲ್ಲಿಯೇ ಇರುತ್ತದೆ.

ಇದಕ್ಕೆ ಹೊಸ ಕಟ್ಟಡ ಬೇಡ. ತಾಲೂಕು ಆಸ್ಪತ್ರೆಗಳಿಗೆ ಈ ಔಷಧವನ್ನು ಕೊಡುವ ಮನ್ನಣೆ, ತಪ್ಪದ ದಾಸ್ತಾನು, ವೈದ್ಯರಿಗೂ ದಾದಿಯರಿಗೂ ತರಬೇತಿ, ಇವು ಬೇಕು. ಊರೂರಿನ ವೈದ್ಯರಿಗೆ ಪರದೆಯ ಮೂಲಕವೇ ಪಾಠ ಹೇಳುವ ಅನುಭವ ನಿಮ್ಹಾನ್ಸ್‌ಗೆ ಈಗಾಗಲೇ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಯಾರು ಬೇಕಾದರೂ ಕರೆಮಾಡಿ ಮಾತಾಡಬಹುದು. ಮಾತಿನ ದಾರಿ ತೆರೆದಿದೆ. ಮದ್ದಿನ ದಾರಿಯೂ ತೆರೆಯಬೇಕಾಗಿದೆ.

ನಮ್ಮ ತರುಣ ವಾಚಕರಿಗೆ ಒಂದು ಮಾತು. ನಿಮ್ಮ ಗೆಳೆಯನೊಬ್ಬನು ಈ ಬಲೆಗೆ ಬಿದ್ದಿದ್ದರೆ ಅವನಿಗೆ ಉಪದೇಶ ಮಾಡಬೇಡಿರಿ, ನಗಲೂಬೇಡಿರಿ. ಜೊತೆಗೂಡಿ ಆಸ್ಪತ್ರೆಗೆ ಹೋಗಿರಿ. ಗುಳಿಗೆಯನ್ನು ಸೇವಿಸುತ್ತ ಅವನು ಮತ್ತೆ ತರಗತಿಗೋ ದೋಣಿಗೋ ಅಂಗಡಿಗೋ ಮರಳಿದ ದಿನ, ಅವನು ಚಟವನ್ನು ಬದಲಿಸಿಲ್ಲ, ರೋಗಕ್ಕೆ ಮದ್ದು ತೆಗೆದುಕೊಳ್ಳುತ್ತಿದ್ದಾನೆ ಎಂದು ನೆರೆಹೊರೆಯವರಿಗೆ ತಿಳಿಯಹೇಳಿರಿ.