ಫ್ರಿಜ್ಜಿನೊಳಗಿನ ಪಾಲು ಯಾರದು?

ಪೀಣ್ಯದ ಕಾರ್ಖಾನೆಗಳ ಪಕ್ಕದ ಬಾಗಲಗುಂಟೆ 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರುವ ಮುನ್ನ ದಾಸರಹಳ್ಳಿ ನಗರಸಭೆಯ ಭಾಗವಾಗಿತ್ತು. ಅದಕ್ಕೂ ಮೊದಲು ಒಂದು ಹಳ್ಳಿ. ಅಂಥ ಊರುಗಳಲ್ಲಿ ಮಾಂಸವನ್ನು ಅಂದಂದಿಗೆ ಬೇಕಾದಷ್ಟೇ ಕೊಳ್ಳುವ ರೂಢಿಯಿತ್ತು. ಬೆಳಿಗ್ಗೆ ಕಸಾಯಿಯ ಅಂಗಡಿಯಿಂದ ಎಲೆಯಲ್ಲಿ ಕಟ್ಟಿಸಿ ತಂದ ಅರ್ಧ ಕಿಲೋ ಮಧ್ಯಾಹ್ನದೊಳಗೆ ಒಲೆಯ ಮೇಲಿರುತ್ತಿತ್ತು. ಮಿಕ್ಕ ಸಾರನ್ನು ರಾತ್ರಿ ಮತ್ತೊಮ್ಮೆ ಕುದಿಸಿಡುತ್ತಿದ್ದರು. ಹೆಚ್ಚು ದಿನ ಉಳಿಯಬೇಕಾದರೆ ಉಪ್ಪು, ಅರಿಶಿನ ಸವರಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುವುದೇ ದಾರಿ. ಕನ್ನಡದಲ್ಲಿ ಅದು ಉಪ್ಪುಖಂಡ, ಮಂಡ್ಯದ ಕಡೆ ಕೊರಬಾಡು, ನಮ್ಮ ಮನೆಗಳಲ್ಲಿ ಸೂಖಾ ಗೋಷ್ತ್. ಕಾಗೆ, ಬೆಕ್ಕುಗಳಿಂದ ಅದನ್ನು ಕಾಯುವುದು ಅಜ್ಜಿಯರ ಕೆಲಸ. ಮಳೆಗಾಲದಲ್ಲಿ ಬಕ್ರೀದ್ ಬಂದರೆ ಆ ದಾರಿಯೂ ಇಲ್ಲ, ಹಂಚಲೇಬೇಕಿತ್ತು.

ಕಸಾಯಿ ಆ ಕಾಲದಲ್ಲಿ ಕೇವಲ ವ್ಯಾಪಾರಿಯಾಗಿರಲಿಲ್ಲ. ಯಾರ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾರ ಮನೆಯಲ್ಲಿ ದುಡಿಮೆ ನಿಂತಿದೆ ಎಂಬುದು ಅವನಿಗೆ ಗೊತ್ತಿರುತ್ತಿತ್ತು. ಉದ್ರಿ ಬರೆದುಕೊಳ್ಳುತ್ತಿದ್ದ, ಸೂಪಿಗೆಂದು ಕಾಲು, ಎಲುಬನ್ನು ಹೆಚ್ಚಿಗೆ ಹಾಕುತ್ತಿದ್ದ. ಹಳೆ ಮೈಸೂರಿನ ಅನೇಕ ಹಳ್ಳಿಗಳಲ್ಲಿ ಹತ್ತಾರು ಮನೆಯವರು ಹಣ ಸೇರಿಸಿ ಕುರಿ ಕೊಂಡು, ಮಾಂಸವನ್ನು ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವ 'ಗುಡ್ಡೆ ಮಾಂಸ'ದ ಪದ್ಧತಿಯಿದೆ. ಕೊಯ್ಯಲು ಊರಿನ ಸಾಬರನ್ನು ಕರೆಯುತ್ತಿದ್ದುದೂ ಉಂಟು. 2022ರ ಯುಗಾದಿ ಹೊಸತೊಡಕಿನ ವೇಳೆ ಹಲಾಲ್ ಮಾಂಸ ಬಹಿಷ್ಕರಿಸಿ ಎಂದು ಕರೆ ಕೊಟ್ಟವರಿಗೆ ಈ ಇತಿಹಾಸ ಬೇಕಾಗಿರಲಿಲ್ಲ. ಅಂದಹಾಗೆ, 'ಕಟುಕ' ಎಂಬ ಪದವನ್ನು ಕ್ರೂರಿ ಎಂಬರ್ಥದಲ್ಲಿ ನಾವೂ ಸಲೀಸಾಗಿ ಬಳಸುತ್ತೇವೆ. ನಮ್ಮ ಸಹೋದರನ ಹಲಾಲ್ ದುಡಿಮೆಯನ್ನು ಬೈಗುಳವಾಗಿಸಲು ನಮಗೆ ಯಾವ ಸಂಕೋಚವೂ ಇಲ್ಲ.

ಈಗ ಮನೆಮನೆಗೂ ಫ್ರಿಜ್ ಬಂದಿದೆ. ಅದು ತಪ್ಪಲ್ಲ. ಆದರೆ ಬಕ್ರೀದ್ ಕಳೆದು ತಿಂಗಳಾದರೂ ಕುರ್ಬಾನಿಯ ಮಾಂಸ ಅದರೊಳಗೆ ಹೆಪ್ಪುಗಟ್ಟಿರುವ ಮನೆಗಳನ್ನು ನಾವೆಲ್ಲರೂ ಬಲ್ಲೆವು. ಇತ್ತ ಬಂಧುಗಳ ನಡುವೆ ಪೊಟ್ಟಣಗಳ ವಿನಿಮಯ ಜೋರಾಗಿ ನಡೆಯುತ್ತದೆ: ನಮ್ಮ ಮನೆಯಿಂದ ಹೋದಷ್ಟೇ ಅವರ ಮನೆಯಿಂದ ಮರಳಿ ಬರುತ್ತದೆ. ಇದನ್ನು ಹಂಚಿಕೆ ಎನ್ನಬಹುದೇ?

ಮದೀನಾಕ್ಕೆ ಒಂದು ವರ್ಷ ಹೊರಗಿನಿಂದ ಬಡ ಅಲೆಮಾರಿ ಕುಟುಂಬಗಳು ಬಂದು ಸೇರಿದ್ದವು. ಕುರ್ಬಾನಿಯ ಮಾಂಸವನ್ನು ಮೂರು ದಿನಕ್ಕೆ ಬೇಕಾದಷ್ಟು ಮಾತ್ರ ಇಟ್ಟುಕೊಂಡು ಉಳಿದುದನ್ನು ದಾನ ಮಾಡುವಂತೆ ಪ್ರವಾದಿವರ್ಯರು(ಸ) ಆಗ ಆಜ್ಞಾಪಿಸಿದರು. ಬಳಿಕ ಆ ನಿರ್ಬಂಧವನ್ನು ತೆಗೆದು, ತಿನ್ನಲು, ಕೂಡಿಡಲು, ದಾನ ಮಾಡಲು ಅನುಮತಿ ನೀಡಿದರು. ಬಂದವರ ಹಸಿವೇ ಆ ನಿರ್ಬಂಧಕ್ಕೆ ಕಾರಣವಾಗಿತ್ತೆಂದು ಅವರೇ ವಿವರಿಸಿದ್ದನ್ನು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಕೂಡಿಡಲು ಅನುಮತಿಯಿದೆ, ನಿಜ. ಆದರೆ ಹೊರಗಿನಿಂದ ಬಂದವರು ಪಕ್ಕದಲ್ಲೇ ಹಸಿದಿರುವಾಗ ಆ ಅನುಮತಿಯನ್ನಷ್ಟೇ ನೆನಪಿಡುವುದು ಎಂಥ ಧರ್ಮಜ್ಞಾನ? ಕಲಬುರಗಿ, ರಾಯಚೂರು, ಬಿಹಾರಗಳಿಂದ ಬಂದು ಪೀಣ್ಯದಲ್ಲಿ ದುಡಿಯುವವರು ನಮ್ಮ ಬೀದಿಯ ಹಿಂದಿನ ಶೀಟಿನ ಮನೆಗಳಲ್ಲೇ ಇದ್ದಾರೆ. ಅಲ್‌ಹಜ್ಜ್ ಅಧ್ಯಾಯದ 36ನೇ ಸೂಕ್ತವು ಕೈಚಾಚಿ ಬೇಡುವವನಿಗೂ ಬೇಡದೆ ಸುಮ್ಮನಿರುವವನಿಗೂ ಉಣಿಸಲು ಹೇಳುತ್ತದೆ. ಬೇಡುವವನು ಹೇಗೋ ಬಾಗಿಲಿಗೆ ಬರುತ್ತಾನೆ. ಇನ್ನೊಬ್ಬನನ್ನು ನಾವೇ ಹುಡುಕಿಕೊಂಡು ಹೋಗಬೇಕು.

ಹುಡುಕುವ ಅಗತ್ಯ ಈಗ ಹೆಚ್ಚಿದೆ. ರಾಜ್ಯದ 1964ರ ಕಾಯ್ದೆಯಡಿ 12 ವರ್ಷ ದಾಟಿದ ಎತ್ತು, ಎಮ್ಮೆಗಳ ವಧೆಗೆ ಪ್ರಮಾಣಪತ್ರ ಪಡೆದು ಅವಕಾಶವಿತ್ತು. 2021ರಲ್ಲಿ ಜಾರಿಗೆ ಬಂದ ಕಾಯ್ದೆ ಅದನ್ನು 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಸೀಮಿತಗೊಳಿಸಿತು. ತಪ್ಪಿದರೆ 3ರಿಂದ 7 ವರ್ಷ ಜೈಲು, ಮೊದಲ ಅಪರಾಧಕ್ಕೇ 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ. ಬಡವರ ಕೈಗೆಟಕುತ್ತಿದ್ದ ಮಾಂಸಕ್ಕೇ ಪೆಟ್ಟು ಬಿತ್ತು. ಸಣ್ಣ ಕಸಾಯಿಗಳ ಜೀವನೋಪಾಯ ಕುಸಿಯಿತು. ದೊಡ್ಡ ಪ್ರಾಣಿಯಲ್ಲಿ ಏಳು ಮಂದಿ ಪಾಲುದಾರರಾಗಿ ಕುರ್ಬಾನಿ ನೀಡುತ್ತಿದ್ದ ಕುಟುಂಬಗಳು ಇಡೀ ಕುರಿಯ ಬೆಲೆ ತೆರಲಾಗದೆ ಹಿಂದೆ ಸರಿಯುತ್ತಿವೆ. ಕಾನೂನಿನ ಅನ್ಯಾಯವನ್ನು ಪ್ರಶ್ನಿಸೋಣ, ಕಾನೂನು ಮೀರುವುದು ಬೇಡ. ಆದರೆ ಕುರಿ ಕೊಳ್ಳುವ ಶಕ್ತಿಯಿರುವವರ ಫ್ರಿಜ್ಜಿಗೆ ಬೀಗ ಹಾಕಿದ್ದು ಯಾವ ಸರಕಾರವೂ ಅಲ್ಲ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಬಕ್ರೀದಿಗೆ ಮೊದಲು ಮಸೀದಿ ಸಮಿತಿಗಳು ಸುತ್ತಲಿನ ವಠಾರಗಳ ಪಟ್ಟಿ ಮಾಡಲಿ. ಪಟ್ಟಿ ಮಾಡುವಾಗ ಬೀದಿಯ ಕಸಾಯಿಯನ್ನೂ ಜೊತೆಗೆ ಕೂರಿಸಿಕೊಳ್ಳಲಿ. ಅವನಿಗೆ ಗೊತ್ತಿರುವಷ್ಟು ಮನೆಗಳು ಅಧ್ಯಕ್ಷರಿಗೆ ಗೊತ್ತಿರಲಾರವು. ಮಾಂಸವನ್ನು ತೂಗಿ, ಶುಚಿಯಾಗಿ ಕಟ್ಟಿ, ಹಬ್ಬದ ಸಂಜೆಯೊಳಗೆ ಮುಟ್ಟಿಸುವ ಹೊಣೆಯನ್ನು ಯುವಕರಿಗೆ ವಹಿಸಲಿ. ಝುಲ್‌ಹಜ್ಜ್ ಚಂದ್ರದರ್ಶನದ ರಾತ್ರಿಯೇ ಕೆಲಸ ಆರಂಭಿಸಿದರೂ ಒಂಬತ್ತು ದಿನ ಕೈಯಲ್ಲಿರುತ್ತವೆ.