ಹಿಟ್ಟು ಉಬ್ಬಿತು, ಲಾಭ ಉಬ್ಬಲಿಲ್ಲ!

ಸೋದರಿಯರೇ, ಮನೆಯಲ್ಲೇ ಇಡ್ಲಿ ಹಿಟ್ಟು ರುಬ್ಬಿ ಮಾರಿದರೆ ನಾಲ್ಕು ಕಾಸು ಕೈಗೆ ಬರುತ್ತೆ ಅಂತ ನಿಮಗೂ ಅನಿಸಿರಬಹುದು. ನನಗೂ ಅನಿಸಿತ್ತು. ಹಲಸೂರಿನ ನಮ್ಮ ಮನೆಯಲ್ಲಿ ಗ್ರೈಂಡರ್ ಇತ್ತು, ಮಗಳ ಕಾಲೇಜು ಫೀಜಿಗೆ ದುಡ್ಡು ಬೇಕಿತ್ತು. ದಿನಕ್ಕೆ 20 ಕವರ್ ಕಟ್ಟಿ ಬೀದಿ ಕೊನೆಯ ಅಂಗಡಿಗೆ ಹಾಕತೊಡಗಿದೆ.

ಕಿಲೋ ಹಿಟ್ಟಿಗೆ ಅಕ್ಕಿ, ಉದ್ದು, ಕರೆಂಟು, ಕವರು ಸೇರಿ 30 ರೂಪಾಯಿ ಬೀಳುತ್ತಿತ್ತು. ಅಂಗಡಿಯವರು ನನಗೆ 40 ಕೊಟ್ಟು, ತಾವು 50ಕ್ಕೆ ಮಾರುತ್ತಿದ್ದರು. "ದಿನಕ್ಕೆ 200 ರೂಪಾಯಿ ಲಾಭ ಕಣ್ರೀ!" ಎಂದು ಯಜಮಾನರ ಮುಂದೆ ಜಂಬ ಕೊಚ್ಚಿಕೊಂಡಿದ್ದೂ ಆಯಿತು. ಆದರೆ ಮಾರಾಟವಾಗದೆ ಹುಳಿ ಬಂದ ಹಿಟ್ಟು ನನ್ನ ತಲೆಗೇ! 5 ಕವರ್ ವಾಪಸ್ಸಾದ ದಿನ ಬಂದದ್ದು 600, ಖರ್ಚಾದದ್ದೂ 600. ನನ್ನ ರಟ್ಟೆಯ ಕೂಲಿ ಸೊನ್ನೆ.

ಅದೇ ಅಂಗಡಿಯ ಫ್ರಿಜ್ಜಿನಲ್ಲಿ ಐಡಿ ಹಿಟ್ಟೂ ಇರುತ್ತಿತ್ತು. ಅವರೂ ಚಿಕ್ಕದಾಗಿ ಶುರು ಮಾಡಿದವರೇ. 2005ರಲ್ಲಿ ಇಂದಿರಾನಗರದ ಪಕ್ಕದ ತಿಪ್ಪಸಂದ್ರದ ಪುಟ್ಟ ಜಾಗದಲ್ಲಿ ಪಿ.ಸಿ. ಮುಸ್ತಫಾ ಮತ್ತು ಅವರ ಬಂಧುಗಳು ಆರಂಭಿಸಿದ್ದು. ರಬ್ಬರ್ ಬ್ಯಾಂಡ್ ಸುತ್ತಿದ ಕವರಿನಲ್ಲಿ ಹಿಟ್ಟು ಮಾರುವುದನ್ನು ಕಂಡು, ಇದನ್ನೇ ಚೊಕ್ಕಟವಾಗಿ ಮಾಡೋಣವೆಂದು ಹೊರಟರಂತೆ. ಇಂದು ಅವರ ಹಿಟ್ಟು ಊರೂರಿಗೆ ಹೋಗುತ್ತೆ. ಲೋಡುಗಟ್ಟಲೆ ಅಕ್ಕಿ ಕೊಳ್ಳುವವರ ಜೊತೆ ಬೆಲೆಯಲ್ಲಿ ಜಿದ್ದಿಗೆ ಬಿದ್ದರೆ ನಮ್ಮಂಥವರು ಉಳಿದೇವೇ?

ಹಾಗಂತ ಗ್ರೈಂಡರನ್ನು ಮೂಲೆಗೆ ಸೇರಿಸಲಿಲ್ಲ. ಅಂಗಡಿಗೆ ಹಾಕುವುದು ಬಿಟ್ಟೆ. ನಾಳೆಗೆ ಯಾರಿಗೆ ಎಷ್ಟು ಬೇಕೆಂದು ಇಂದು ಬೆಳಿಗ್ಗೆಯೇ ಫೋನಿನಲ್ಲಿ ಕೇಳಿ, ಅಷ್ಟೇ ಅಕ್ಕಿ ನೆನೆಸುತ್ತೇನೆ. ಅಕ್ಕಪಕ್ಕದ ಬೀದಿಗಳ 12 ಮನೆಗೆ, ಕಿಲೋಗೆ 50ರಂತೆ. ಬರುವುದು ಅದೇ 600. ಖರ್ಚು ಮಾತ್ರ 360. ರುಬ್ಬುವುದು ಕಡಿಮೆ, ಉಳಿಯುವುದು 240! "ಅತ್ತೆಗೆ ಹುಳಿ ಆಗದು, ಬೇಗ ಕೊಡಿ ಅಕ್ಕಾ" ಎಂದರೆ ಅವರ ಮನೆಗೇ ಮೊದಲು ಕೊಡುತ್ತೇನೆ. ಕಾರ್ಖಾನೆಯವರು ಹೀಗೆ ಮನೆಮನೆಯ ನಾಲಿಗೆ ನೋಡಿಯಾರೇ?

ಹಪ್ಪಳವಾಗಲಿ, ಚಟ್ನಿಪುಡಿಯಾಗಲಿ, ಮಾರಲು ಹೊರಟಿದ್ದರೆ ಮೊದಲು ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿಕೊಳ್ಳಿ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಮಾಡಿದ್ದೆಷ್ಟು, ಮಾರಿದ್ದೆಷ್ಟು, ಮಿಕ್ಕಿದ್ದೆಷ್ಟು ಎಂದು ದಿನವೂ ಬರೆದಿಡಿ. ಮಿಕ್ಕಿದ್ದು ಕಡಿಮೆಯಾದಷ್ಟೂ ನಿಮ್ಮ ಡಬ್ಬಿ ತುಂಬುತ್ತೆ. ಒಂದು ವಾರ ಬರೆದು ನೋಡಿ, ನಿಮಗೇ ತಿಳಿಯುತ್ತೆ.